ಕಿವಿ ಸಾರ್ ಕಲಿಸಿದ ನಿಶ್ಶಬ್ದ

ಧ್ವನಿಪುಸ್ತಕಗಳ ಗ್ರಂಥಾಲಯವೆಂದರೆ ಓದುವ ಕಂಠಗಳನ್ನು ನೆನೆಯುವವರೇ ಹೆಚ್ಚು. ಆ ಕಂಠಗಳು ಕೇಳುಗರನ್ನು ತಲುಪಲೆಂದು ಹಳೆಯ ಕಂಪ್ಯೂಟರುಗಳನ್ನು ಮಾತಾಡಿಸುತ್ತಲೇ ಆಯುಷ್ಯ ಸವೆಸಿದವರನ್ನು ನೆನೆಯುವವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ತಾಂತ್ರಿಕ ವಿಭಾಗದ ಹಿರಿಯರು, ಎಲ್ಲರ ಬಾಯಲ್ಲಿ ‘ಕಿವಿ ಸಾರ್’, ಅಂಥವರು.

ಸೇವೆಗೆ ಸೇರಿದಾಗ ಅವರ ಪಾಲಿಗೆ ಬಂದದ್ದು ಕಿಟಕಿಯಿಲ್ಲದ ಒಂದು ಕೋಣೆ ಮತ್ತು ಬೇರೆ ಕಚೇರಿಗಳು ಬೇಡವೆಂದ ಯಂತ್ರಗಳು. ಸದ್ದು ನಿಂತಿತೆಂದರೆ ಉಳಿದವರು ಮೊದಲು ಸ್ಪೀಕರ್ ಬದಲಿಸುತ್ತಿದ್ದರು. ಇವರು ಹೆಡ್‌ಫೋನ್ ಸಿಕ್ಕಿಸಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿಶ್ಶಬ್ದದಲ್ಲಿ ಎರಡು ಬಗೆ ಎಂಬುದು ಅವರ ಪಾಠ. ತೆಳುವಾದ ಸುಯ್ಲು ಕೇಳಿದರೆ ಸದ್ದು ಹೊರಡಿಸುವ ಸೌಂಡ್ ಕಾರ್ಡಿಗೆ ಜೀವವಿದೆ, ಸದ್ದು ದಾರಿ ತಪ್ಪಿದೆ ಅಷ್ಟೆ. ಅದೂ ಕೇಳದಿದ್ದರೆ ಕಾರ್ಡೋ, ಅದಕ್ಕೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತಿರುವ ಡ್ರೈವರೋ ಕೈಕೊಟ್ಟಿದೆ.

ಧ್ವನಿಮುದ್ರಣಗಳನ್ನು ಪರಿಶೀಲಿಸುವ, ಕಣ್ಣು ಕಾಣದ ಸಹೋದ್ಯೋಗಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರು ಈ ಪಾಠ ಹೇಳಿಕೊಟ್ಟಿದ್ದರು. ಪರದೆಯ ಮೇಲಿನದನ್ನು ಓದಿ ಹೇಳುವ ಯಂತ್ರದ ದನಿಯೇ ಆಕೆಯ ದಾರಿ.

ಹೋದ ವರ್ಷ ಕಚೇರಿಯವರು ಆಕೆಯ ಮೇಜಿಗೂ ದೊಡ್ಡದೊಂದು ಹೊಸ ಮಾನಿಟರ್ ತಂದು ಜೋಡಿಸಿದರು. “ನಂಗ್ಯಾಕಪ್ಪಾ ಇದು, ಮುಖ ನೋಡ್ಕೊಳ್ಳೋಕಾ?” ಎಂದು ಆಕೆ ನಕ್ಕರು. ನಗು ಮುಗಿಯುವಷ್ಟರಲ್ಲಿ ಯಂತ್ರದ ದನಿ ನಿಂತಿತ್ತು.

“ಸಂಜೆಯೊಳಗೆ ರಿಪೇರಿ ಆಗದಿದ್ರೆ ಬಿಡಿ,” ಎಂದರು ವ್ಯವಸ್ಥಾಪಕರು, ಕಿವಿ ಸಾರ್ ಅವರನ್ನು ಕರೆಸಿ. “ಬೇರೆ ಕಂಪ್ಯೂಟರ್ ಬರೋವರೆಗೂ ಮೇಡಂ ಮನೇಲಿರ್ಲಿ.”

ಹಾಗೆ ಮನೆಗೆ ಹೋದವರಿಗೆ ಮರಳಿ ಕರೆ ಬಂದದ್ದೇ ಇಲ್ಲವೆಂಬುದು ಆಕೆಗೆ ಗೊತ್ತಿತ್ತು.

ಕಿವಿ ಸಾರ್ ಹೆಡ್‌ಫೋನ್ ಹಾಕಿಕೊಂಡು “ಏನೂ ಇಲ್ಲ” ಎಂದರು. ಡ್ರೈವರ್ ತೆಗೆದು ಮತ್ತೆ ಹಾಕಿದರು. ಉಗ್ರಾಣದಿಂದ ಬೇರೆ ಕಾರ್ಡ್ ತರಿಸಿದರು. ಪ್ರತಿಸಲವೂ ಅದೇ ಮಾತು. ಮಧ್ಯಾಹ್ನ ಸ್ಕ್ರೂಡ್ರೈವರ್ ಮೇಜಿನ ಮೇಲೆ ಇಟ್ಟ ಸದ್ದಾಯಿತು. ಅವರು ಕೈಚೆಲ್ಲಿದ್ದನ್ನು ಆಕೆ ಕೇಳಿದ್ದು ಅದೇ ಮೊದಲು.

“ಒಂದ್ಸಲ ನಂಗೆ ಕೊಡಿ ಸಾರ್.”

“ಯಾಕಮ್ಮಾ, ನನ್ನ ಕಿವಿ ಮೇಲೇ ಅನುಮಾನಾನಾ?”

“ಅನುಮಾನ ಅಲ್ಲ ಸಾರ್. ಸುಮ್ನೆ ಕೂತು ಸಾಕಾಯ್ತು.” ಆಕೆ ಹೆಡ್‌ಫೋನ್ ಹಾಕಿಕೊಂಡು ಉಸಿರು ಬಿಗಿಹಿಡಿದರು. “ಇದು ಸುಯ್ ಅಂತಿದೆ ಸಾರ್. ಜೀವ ಇದೆ.”

ಅವರು ಹೆಡ್‌ಫೋನ್ ಮರಳಿ ಪಡೆದು ಹಾಕಿಕೊಂಡರು, ಆಗಲೂ ಏನೂ ಕೇಳಲಿಲ್ಲ. ಅದು ಮೂರನೆಯ ಬಗೆಯ ನಿಶ್ಶಬ್ದ. ಅದರ ಪಾಠವನ್ನು ಅವರು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಮಂದವಾಗಿದ್ದದ್ದು ಅವರ ಕಿವಿ.

ಆಮೇಲಿನದು ಹೂವೆತ್ತಿದಷ್ಟು ಹಗುರ. ಹೊಸ ಮಾನಿಟರ್ ಜೋಡಿಸಿದೊಡನೆ ಕಂಪ್ಯೂಟರ್ ಸದ್ದನ್ನೆಲ್ಲ ಅದರತ್ತ ತಿರುಗಿಸಿತ್ತು. ಸ್ಪೀಕರೇ ಇಲ್ಲದ ಆ ಮಾನಿಟರ್ ಎಲ್ಲವನ್ನೂ ನುಂಗುತ್ತಿತ್ತು. ಸೆಟ್ಟಿಂಗ್ ಬದಲಿಸಿದರು, ಯಂತ್ರ ಮಾತಾಡಿತು.

ಸಂಜೆ ವ್ಯವಸ್ಥಾಪಕರು ಬಂದು ಕಿವಿ ಸಾರ್ ಬೆನ್ನು ತಟ್ಟಿದಾಗ ಸುಮ್ಮನಿದ್ದಿದ್ದರೆ ಸಾಕಿತ್ತು. ಅವರು ಸುಮ್ಮನಿರಲಿಲ್ಲ.

“ಹಿಡಿದದ್ದು ಇವರು. ನಂಗೆ ಕೇಳಿಸ್ಲೇ ಇಲ್ಲ. ಮನೆಗೆ ಕಳಿಸೋದಾದ್ರೆ ಮೊದ್ಲು ನನ್ನ ಕಳಿಸಿ.”

ಮನೆಯ ಮಾತು ಅಲ್ಲಿಗೇ ನಿಂತಿತು. ಅಂದಿನಿಂದ ಎಲ್ಲಿ ಯಂತ್ರ ಮೂಕವಾದರೂ ಇಬ್ಬರೂ ಜೊತೆಯಾಗಿ ಹೋದರು, ಕೈ ಅವರದು, ಕಿವಿ ಆಕೆಯದು.

ಅವರ ಹೆಡ್‌ಫೋನ್ ಈಗ ಆಕೆಯ ಮೇಜಿನ ಮೇಲಿದೆ. ನೆಮ್ಮದಿಯ ನೂರು ವರ್ಷ ಅವರಿಗೆ ಸಲ್ಲಲಿ, ಕೈಯ ಕಸುಬು ಬತ್ತದಿರಲಿ ಎಂದು ಗ್ರಂಥಾಲಯದ ಎಲ್ಲರೂ ಹಾರೈಸುತ್ತೇವೆ. ಆಕೆಯ ಹಾರೈಕೆಗೆ ಮಾತ್ರ ಒಂದು ಕರಾರಿದೆ. ಅದನ್ನು ಆಕೆ ಅವರ ಬಲಗಿವಿಯ ಬಳಿ, ತುಸು ಗಟ್ಟಿಯಾಗಿಯೇ ಹೇಳಿದ್ದಾರೆ:

“ಆಗಾಗ ಬರ್ತಿರಿ ಸಾರ್. ನಿಮ್ಮ ಕಿವಿ ಇಲ್ಲೇ ಇದೆ.”