ಅಟೆಂಡರ್ ಬರೆದ ಶಕ್ತಿಪಟ್ಟಿ

ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನ ಅಟೆಂಡರ್ ಓದಿದ್ದು ಏಳನೇ ಕ್ಲಾಸು. ಕೈಬರಹ ಮಾತ್ರ ಮುತ್ತು ಪೋಣಿಸಿದಂತೆ. ಹದಿನೆಂಟು ವರ್ಷದ ಹಿಂದೆ ಪ್ರೊಫೆಸರೊಬ್ಬರು ಚೀಟಿಯಲ್ಲಿ ಗೀಚಿಕೊಟ್ಟ ಚಿತ್ರವನ್ನು ಆಳೆತ್ತರದ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದು ಗೋಡೆಗೆ ಹಾಕಿದ್ದ. ಎನ್, ಪಿ ಎಂಬ ಎರಡು ಬಗೆಯ ಅರೆವಾಹಕಗಳ ಶಕ್ತಿಪಟ್ಟಿಗಳ ಚಿತ್ರ ಅದು. ಕೆಳಗೆ ಎಲೆಕ್ಟ್ರಾನು ತುಂಬಿದ ಪಟ್ಟಿ, ಮೇಲೆ ಹೆಚ್ಚುಕಡಿಮೆ ಖಾಲಿ ಪಟ್ಟಿ, ನಡುವಿನ ತೆರಪಿನಲ್ಲಿ ಫರ್ಮಿ ಮಟ್ಟವೆಂಬ ಚುಕ್ಕಿಗೆರೆ. ಎನ್ ಬಗೆಯ ವಸ್ತುವಿನಲ್ಲಿ ಆ ಗೆರೆ ಮೇಲಿನ ಪಟ್ಟಿಯ ಹತ್ತಿರ ಇರಬೇಕು, ಪಿ ಬಗೆಯದರಲ್ಲಿ ಕೆಳಗಿನದರ ಹತ್ತಿರ. ಇವನು ಅದಲುಬದಲು ಬರೆದಿದ್ದ. ದೀಪದ ಬುಡದಲ್ಲೇ ಕತ್ತಲೆ ನೋಡಿ, ಗೋಡೆಯ ಮೇಲಿನದನ್ನು ನೋಡುವ ಪುರುಸೊತ್ತು ಯಾವ ಮೇಷ್ಟರಿಗೂ ಇರಲಿಲ್ಲ.

ಮಗಳು ಅದೇ ಕಾಲೇಜಿನಲ್ಲಿ ಓದಿದಳು. ಮುಂದೆ ಎಂ.ಎಸ್ಸಿ. ಸೀಟು ಸಿಗಬೇಕಾದರೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರಲೇಬೇಕಿತ್ತು. ಆ ದಿನ ಹೊರಗಿನಿಂದ ಬಂದ ಪರೀಕ್ಷಕರು ಗೋಡೆಯ ಕಡೆ ಕೈ ತೋರಿಸಿದರು.

"ಈ ಚಿತ್ರ ಸರಿ ಇದೆಯೇನಮ್ಮಾ?"

ಅವಳು ಚಿತ್ರ ನೋಡಿದಳು, ಥರ್ಮಾಮೀಟರ್ ಹಿಡಿದು ನಿಂತಿದ್ದ ಅಪ್ಪನನ್ನು ನೋಡಿದಳು. "ಸರಿ ಇದೆ ಸರ್."

"ಇನ್ನೊಂದ್ಸಲ ನೋಡು."

"ಸರಿಯಾಗೇ ಇದೆ ಸರ್."

ಪರೀಕ್ಷಕರು ಅಂಕ ಬರೆದುಕೊಂಡರು. ಅಪ್ಪ ಹಿಗ್ಗಿ ಹೀರೇಕಾಯಿಯಾದ.

ಮೂರು ಅಂಕದಲ್ಲಿ ಸೀಟು ತಪ್ಪಿತು. ಅವಳು ಝೆರಾಕ್ಸ್ ಅಂಗಡಿ ಸೇರಿದಳು. ವರ್ಷವಿಡೀ ಅಪ್ಪ ಹಂಗಿಸಿದ್ದೇ ಹಂಗಿಸಿದ್ದು. ಅವಳು ಒಮ್ಮೆಯೂ ಎದುರಾಡಲಿಲ್ಲ.

ಮೊನ್ನೆ ಹೊಸದಾಗಿ ಬಂದ ಮೇಡಂ ಚಿತ್ರದ ಮುಂದೆ ನಿಂತು, "ಅಟೆಂಡರೇ, ಈ ಗೆರೆಗಳು ಅದಲುಬದಲಾಗಿವೆಯಲ್ಲ" ಎಂದು ಬಿಡಿಸಿ ಹೇಳಿದರು. ಅವನಿಗೆ ಅಂದು ಪರೀಕ್ಷಕರು ಮಗಳನ್ನು ಕೇಳಿದ್ದು ನೆನಪಾಯಿತು. ಮನೆಗೆ ಹೋಗಿ ಮಗಳ ಹಳೆಯ ನೋಟ್ ಪುಸ್ತಕ ತೆಗೆದ. ಅದರಲ್ಲೂ ಅದೇ ಚಿತ್ರ, ಪರೀಕ್ಷೆಗೆ ಎರಡು ತಿಂಗಳ ಮುಂಚಿನ ತಾರೀಖು. ಗೆರೆಗಳು ಇರಬೇಕಾದಲ್ಲೇ ಇದ್ದವು.

"ಗೊತ್ತಿತ್ತೇನೇ ನಿಂಗೆ?"

"ಹೂಂ."

"ತಪ್ಪು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಅಷ್ಟು ಜನರ ಮುಂದೆ ಹೆಂಗಪ್ಪಾ ಹೇಳ್ಲಿ? ನೀನು ಅಲ್ಲೇ ನಿಂತಿದ್ದೆ."

"ಆಮೇಲಾದ್ರೂ?"

"ಆಮೇಲೆ ಹೇಳಿದ್ರೆ ಸೀಟು ಬರ್ತಿತ್ತಾ? ನಿಂಗೆ ನೋವಾಗ್ತಿತ್ತು, ಅಷ್ಟೆ."

ಅವನಿಗೆ ಸಂಕಟ ತಡೆಯಲಾಗಲಿಲ್ಲ. ಹೋದ ವಾರವಷ್ಟೇ ನೆಂಟರ ಮುಂದೆ ಅವಳನ್ನು ದಡ್ಡಿ ಎಂದಿದ್ದ. ಎಲ್ಲರ ಜೊತೆ ಅವಳೂ ನಕ್ಕಿದ್ದಳು.