ಎರಡು ಗಾಲಿ ಹೊತ್ತು ಚಿಕ್ಕನರಗುಂದಕ್ಕೆ

ಗಜೇಂದ್ರಗಡದ ನಿಲ್ದಾಣದಲ್ಲಿ ಬೆಳಿಗ್ಗೆ ಏಳೂವರೆಗೆ ನರೇಗಲ್ ಬಸ್ಸು ಹತ್ತಿದೆ. ಹೆಗಲಿಗೆ ಸ್ಪ್ಯಾನರುಗಳ ಚೀಲ. ಬಸ್ಸಿನ ತಲೆಯ ಮೇಲೆ ಹಗ್ಗದಿಂದ ಜೋಡಿಸಿ ಕಟ್ಟಿದ ಎರಡು ಮೋಟರ್‌ಸೈಕಲ್ ಗಾಲಿಗಳು. ನನಗೆ ಹತ್ತು ರೂಪಾಯಿ, ಗಾಲಿಗಳಿಗೆ ಐದು ರೂಪಾಯಿ ಟಿಕೆಟ್ ಹರಿದ ಕಂಡಕ್ಟರ್, "ಗಾಲಿ ಅದಾವು, ಗಾಡಿ ಎಲ್ಲೈತ್ರಿ?" ಎಂದು ಕೇಳಿದ.

"ಅದನ್ನ ಹುಡುಕ್ಕೊಂತನ ಹೊಂಟೀನಿ" ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಎರಡು ಸಾವಿರದ ಆರೋ ಏಳೋ ಇಸವಿಯ ಶ್ರಾವಣದ ಮಾತಿದು. ಗಜೇಂದ್ರಗಡದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಜನ ನನ್ನನ್ನು ಮಾಬುಸಾಬ ಮಿಸ್ತ್ರಿ ಎನ್ನುತ್ತಿದ್ದರು. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿ ಮುಂದುವರಿಯಬೇಕಾದರೆ ಅದನ್ನು ಅಧಿಕಾರಿಯ ಮುಂದೆ ನಿಲ್ಲಿಸಿ, ರಸ್ತೆಗೆ ಯೋಗ್ಯ ಎನ್ನಿಸಿಕೊಳ್ಳಬೇಕು. ಪಾಸಾದರೆ ಇನ್ನೈದು ವರ್ಷ ಯಾರೂ ಕೇಳುವಂತಿಲ್ಲ. ಇದಕ್ಕೆಂದೇ ನಾನು ಒಂದು ಜೊತೆ ಗಾಲಿ ಇಟ್ಟಿದ್ದೆ. ನಮ್ಮ ಕಡೆ ಹೆಚ್ಚಾಗಿದ್ದ ನಮೂನೆಯ ಗಾಡಿಗೆ ಒಪ್ಪುವ ಗಾಲಿಗಳು: ಹೊಸ ಟೈರು, ಒಳಗೆ ಹೊಸ ಬ್ರೇಕ್ ಪಟ್ಟಿ. ತಪಾಸಣೆಯ ದಿನ ಅವನ್ನು ಗಿರಾಕಿಯ ಗಾಡಿಗೆ ಹಾಕಿಕೊಡುವುದು. ಪಾಸಾಗಿ ಬಂದ ಮೇಲೆ ಬಿಚ್ಚಿಕೊಂಡು ಹಳೆಯ ಗಾಲಿಗಳನ್ನೇ ತಿರುಗಿ ಕೂರಿಸುವುದು. ಅಧಿಕಾರಿ ಬಗ್ಗಿ ನೋಡುತ್ತಿದ್ದರು, ಬ್ರೇಕು ಒತ್ತುತ್ತಿದ್ದರು, ಓಡಿಸಿ ನೋಡುತ್ತಿದ್ದರು. ಅವರ ತಪಾಸಣೆಯಲ್ಲಿ ಮೋಸವಿರಲಿಲ್ಲ. ಆದರೆ ಅವರು ನೋಡಿದ ಗಾಲಿ ಮರುದಿನ ಆ ಗಾಡಿಯಲ್ಲಿ ಇರುತ್ತಿರಲಿಲ್ಲ. ಗಿರಾಕಿಗಳೆಲ್ಲ ಪರಿಚಯದವರು, ತಮ್ಮ ಗಾಡಿಯ ಹಣೆಬರಹ ಬಲ್ಲವರು, ಮೆಲ್ಲಗೆ ಓಡಿಸುವವರು ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹಿಂದಿನ ದಿನ ರಾಜೂರಿನವನೊಬ್ಬ ಪಂಕ್ಚರ್ ಹಾಕಿಸಿಕೊಳ್ಳಲು ಬಂದಾಗ ಮಾತಿಗೆ ಮಾತು ಬಂತು. ನರೇಗಲ್ಲಿನ ಪಾತ್ರೆ ಅಂಗಡಿಯ ಗುರುಪಾದಪ್ಪನವರು ತಮ್ಮ ಕೆಂಪು ಗಾಡಿ ಮಾರಿದರಂತೆ, ಚಿಕ್ಕನರಗುಂದದ ನರ್ಸಬಾಯಿಯೊಬ್ಬರು ಕೊಂಡರಂತೆ. ಎರಡು ತಿಂಗಳ ಹಿಂದೆ ಅದನ್ನು ಪಾಸು ಮಾಡಿಸಿಕೊಟ್ಟವನು ನಾನೇ. ಅದರ ಹಿಂದಿನ ಟೈರಿನಲ್ಲಿ ನೂಲು ಕಾಣುತ್ತಿತ್ತು. ಮುಂದಿನ ಬ್ರೇಕ್ ಪಟ್ಟಿ ಸವೆದು ಲೋಹ ತಾಗುತ್ತಿತ್ತು. "ದೀಪಾವಳಿಗೆ ಹೊಸಾವು ಹಾಕಸ್ತೀನಿ. ಅಲ್ಲೀತನಾ ಮನಿಯಿಂದ ಅಂಗಡಿಗೆ ಅಷ್ಟ" ಎಂದಿದ್ದರು ಗುರುಪಾದಪ್ಪ. ಈಗ ಅದೇ ಗಾಡಿಯನ್ನು ಮಳೆಯಲ್ಲಿ ನೆನೆದ ಎರೆಮಣ್ಣಿನ ದಾರಿಯಲ್ಲಿ, ಏನೂ ಗೊತ್ತಿಲ್ಲದವರು ಓಡಿಸುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದವನು ಹಾಗೇ ಕಟ್ಟಿಟ್ಟೆ.

ನರೇಗಲ್ ಮುಟ್ಟಿದಾಗ ಜಿಟಿಜಿಟಿ ಮಳೆ. ಗುರುಪಾದಪ್ಪ ಅಂಗಡಿಯ ಮುಂದೆ ಕೊಡಗಳನ್ನು ಹೊಂದಿಸುತ್ತಿದ್ದರು. ನನ್ನನ್ನೂ ಗಾಲಿಗಳನ್ನೂ ನೋಡಿ ಮುಖ ಸಣ್ಣದು ಮಾಡಿದರು.

"ಗಾಲಿ ವಿಷಯ ಅವ್ರಿಗೆ ಹೇಳೀರೇನ್ರಿ?" ಎಂದು ಕೇಳಿದೆ.

"ಅವರು ಕೇಳಲಿಲ್ಲ. ಕಾಗದ ನೋಡಿದ್ರು, ತೊಗೊಂಡ್ರು. ಸರ್ಕಾರನ ಪಾಸ್ ಮಾಡೈತಿ, ಮಾಬುಸಾಬ. ನೀವ್ಯಾಕ ತಲಿ ಕೆಡಿಸ್ಕೊಳ್ತೀರಿ?"

"ಪಾಸ್ ಆಗಿದ್ದು ನಿಮ್ಮ ಗಾಡಿ ಅಲ್ರಿ, ನನ್ನ ಗಾಲಿ."

ಅವರು ಕೈಯಲ್ಲಿದ್ದ ಕೊಡ ಕೆಳಗಿಟ್ಟರು. ಒಂದು ಚೀಟಿಯಲ್ಲಿ ಕೊಂಡವರ ಹೆಸರು ಬರೆದುಕೊಟ್ಟರು: ಗಿರಿಜಾಬಾಯಿ, ನರ್ಸು, ಗಂಡ ಫಕೀರಪ್ಪ, ಟೇಲರು. "ನನ್ನ ಹೆಸರು ಎತ್ತಬ್ಯಾಡ್ರಿ" ಎಂದರು. ನಾನು ಆ ಮಾತು ಕೊಡಲಿಲ್ಲ.

ಅಲ್ಲಿಂದ ರೋಣ. ನಿಲ್ದಾಣದ ಎದುರು ಗಿರಮಿಟ್ಟು, ಎರಡು ಮೆಣಸಿನಕಾಯಿ ಭಜಿ, ಅರ್ಧ ಚಹಾ. ನರಗುಂದದ ಬಸ್ಸು ಬಂದಾಗ ಮಳೆ ಜೋರಾಗಿತ್ತು; ಮೇಲೆ ಹತ್ತಲು ಆಗದೆ ಗಾಲಿಗಳನ್ನು ಒಳಗೇ ನನ್ನ ಮೊಣಕಾಲಿಗೆ ಒರಗಿಸಿಕೊಂಡೆ. ಸುಮಾರು ನಲವತ್ತು ಕಿಲೋಮೀಟರ್ ದಾರಿಗೆ ಎರಡು ತಾಸು ಹಿಡಿಯಿತು. ಇಕ್ಕೆಲದಲ್ಲಿ ಕಪ್ಪು ಹೊಲ, ಬಿಡಿಸುವುದಕ್ಕೆ ಬಂದ ಹೆಸರು ಬೆಳೆ, ತಲೆಗೆ ಗೊಬ್ಬರದ ಚೀಲ ಹೊದ್ದುಕೊಂಡು ಮರದಡಿ ನಿಂತ ಹೆಂಗಸರು. ಪಕ್ಕದಲ್ಲಿ ಬದನೆಕಾಯಿ ಬುಟ್ಟಿಯೊಂದಿಗೆ ಕೂತಿದ್ದ ಅಜ್ಜಿ ಟೈರಿನ ಮೇಲೆ ಕೈಯಾಡಿಸಿ, "ಹೊಸಾವು ಅದಾವಲ್ಲೋ ಯಪ್ಪಾ, ಅಳಿಯಗ ಒಯ್ಯಾಕತ್ತಿಯೇನು?" ಎಂದಳು. ದಾರಿಯಲ್ಲಿ ಎದುರಾದ ಪ್ರತಿ ಕೆಂಪು ಗಾಡಿಯನ್ನೂ ಕಿಟಕಿಯಿಂದ ಕತ್ತು ಹೊರಳಿಸಿ ನೋಡಿದೆ. ಒಂದು ಕಡೆ ರಸ್ತೆ ಬದಿಯಲ್ಲಿ ನಾಲ್ಕು ಜನ ಬಗ್ಗಿ ನಿಂತಿದ್ದರು. ಸೀಟಿನಿಂದ ಅರ್ಧ ಎದ್ದು ನೋಡಿದೆ. ಕೆಸರಿನಲ್ಲಿ ಸಿಕ್ಕ ಎಮ್ಮೆ ಅದು.

ನರಗುಂದದಲ್ಲಿ ಗುಡ್ಡದ ನೆತ್ತಿ ಮೋಡದೊಳಗಿತ್ತು. ಟೆಂಪೋ ಹಿಡಿದು ಚಿಕ್ಕನರಗುಂದ ಸೇರಿದಾಗ ಹನ್ನೆರಡೂವರೆ. ಮಳೆ ನಿಂತಿತ್ತು. ಟೇಲರ್ ಫಕೀರಪ್ಪನ ಮನೆ ಕೇಳುವ ಕೆಲಸವೇ ಬೀಳಲಿಲ್ಲ. ಎರಡನೆಯ ಓಣಿಯಲ್ಲಿ ಕೆಂಪು ಗಾಡಿ ಹೊರಡಲು ಸಿದ್ಧವಾಗಿ ನಿಂತಿತ್ತು. ಬಿಳಿ ಸೀರೆಯುಟ್ಟ ಹೆಂಗಸು ಲಸಿಕೆಯ ಡಬ್ಬಿ ಹಿಡಿದು ಹಿಂದೆ ಕೂರುವುದರಲ್ಲಿದ್ದಳು. ತೆಳ್ಳನೆಯ ಗಂಡಸು ಕಿಕ್ ಹೊಡೆಯುತ್ತಿದ್ದ. ಗಾಲಿಗಳನ್ನು ಅಲ್ಲೇ ಕೆಳಗಿಟ್ಟು, ಕೈ ಮೇಲೆತ್ತಿಕೊಂಡು ಓಡಿದೆ.

"ನಿಲ್ರಿ, ನಿಲ್ರಿ! ಈ ಗಾಡಿ ಮ್ಯಾಲ ಹೋಗಬ್ಯಾಡ್ರಿ."

"ಯಾರ್ರಿ ನೀವು?" ಎಂದ ಫಕೀರಪ್ಪ. "ಲಗೂ ಹೇಳ್ರಿ. ಕಾಲುವಿ ಆಚೆ ಹಳ್ಳಿಗೆ ಹೋಗೋದೈತಿ, ಡಬ್ಬಿಯೊಳಗಿನ ಬರ್ಫ ಕರಗತೈತಿ."

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ನೆನಪಾಗಲಿಲ್ಲ. ಮಂಡಿಯೂರಿ ಹಿಂದಿನ ಗಾಲಿ ತಿರುಗಿಸಿ, ಕೆಸರು ಒರೆಸಿ ನೂಲು ತೋರಿಸಿದೆ. ಮುಂದಿನ ಬ್ರೇಕು ಹಿಡಿದು ತೋರಿಸಿದೆ. ಅದು ಹಿಡಿಕೆಗೇ ಬಂದು ತಾಗಿತು. ಆಮೇಲೆ ಗಾಲಿ ಬದಲಿಸಿದ ಕಥೆಯನ್ನು, ಗುರುಪಾದಪ್ಪನವರ ಹೆಸರನ್ನೂ ಸೇರಿಸಿ, ಇದ್ದದ್ದು ಇದ್ದಂತೆ ಹೇಳಿದೆ.

ಫಕೀರಪ್ಪ ಗಾಡಿ ಬಿಟ್ಟು ನನ್ನ ಮುಂದೆ ಬಂದ. "ಹದಿನೈದು ದಿನ ಆತು, ಇಕಿನ್ನ ಹಿಂದ ಕೂಡಿಸ್ಕೊಂಡು ಕಾಲುವಿ ದಂಡಿ ಮ್ಯಾಲ ಅಡ್ಡಾಡಾಕತ್ತೀನಿ. ಬ್ರೇಕ್ ಮೆತ್ತಗ ಐತಿ, ಹಳೇ ಗಾಡಿ ಹಿಂಗ ಇರತಾವು ಅನ್ಕೊಂಡಿದ್ದೆ. ಕಾಗದದಾಗ ಚಲೋ ಐತಿ ಅಂತ ಬರದೈತಲ್ರಿ!" ಅವನು ನನ್ನ ಅಂಗಿಯ ಕಡೆಗೆ ಕೈ ಚಾಚಿದ. ಹಿಡಿಯಲಿ ಎಂದು ನಿಂತೆ. ಗಿರಿಜಾಬಾಯಿ ಅವನ ತೋಳು ಮುಟ್ಟಿದಳು.

"ಎಷ್ಟ್ ಹೊತ್ತು ಬೇಕ್ರಿ?" ಎಂದು ನನ್ನನ್ನು ಕೇಳಿದಳು.

"ಅರ್ಧ ತಾಸು."

"ಮಾಡ್ರಿ." ಡಬ್ಬಿಯನ್ನು ನೆರಳಿನಲ್ಲಿಟ್ಟು ಕಟ್ಟೆಯ ಮೇಲೆ ಕುಳಿತಳು.

ನಾನು ಬಿಚ್ಚತೊಡಗಿದೆ. ಫಕೀರಪ್ಪ ಮೊದಲು ಗೋಡೆಗೆ ಮುಖ ಮಾಡಿ ನಿಂತಿದ್ದ. ಹಿಂದಿನ ಅಚ್ಚು ಬಿಗಿದು ಬಾರದೆ ಹೋದಾಗ ಬಂದು ಗಾಡಿಯನ್ನು ವಾಲಿಸಿ ಹಿಡಿದ. ಕೊನೆಯ ನಟ್ಟು ಬಿಗಿದ ಮೇಲೆ ಓಣಿಯ ತುದಿಯವರೆಗೆ ಓಡಿಸಿಕೊಂಡು ಹೋಗಿ, ಅಲ್ಲಿ ಬ್ರೇಕು ಒತ್ತಿ, ತಿರುಗಿ ಬಂದು ಇನ್ನೊಮ್ಮೆ ಒತ್ತಿದ. ಗಾಡಿ ಎಳೆದು ಕಟ್ಟಿದಂತೆ ನಿಂತಿತು.

"ನಿಲ್ತೈತಿ" ಎಂದ ಹೆಂಡತಿಗೆ.

ಈ ಗಾಲಿಗಳು ಇನ್ನು ನಿಮ್ಮವೇ ಎಂದೆ. ಗಿರಿಜಾಬಾಯಿ ತಲೆಯಾಡಿಸಿದಳು. ಬೈಗುಳ ಬರುತ್ತದೆಂದು ಕಾದಿದ್ದೆ, ಬರಲಿಲ್ಲ. ಹಿಂದೆ ಕುಳಿತು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು: "ಇದೊಂದ ಏನ್ರಿ? ಇನ್ನೂ ಎಷ್ಟ್ ಅದಾವು?"

ಬೆಳಗಿನಿಂದ ನನ್ನ ತಲೆಯಲ್ಲಿ ಈ ಒಂದು ಕೆಂಪು ಗಾಡಿಯ ಹೊರತು ಬೇರೇನೂ ಇರಲಿಲ್ಲ. ಅವಳು ತನ್ನ ಭೇಟಿಯ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನಿನೊಂದಿಗೆ ಕೈಗಿತ್ತಳು. "ಕುಂತು ನೆನಸ್ಕೊಂಡು ಬರೀರಿ. ಪೆನ್ನು ಕಿಟಕ್ಯಾಗ ಇಟ್ಟು ಹೋಗ್ರಿ." ಗಾಡಿ ಕಾಲುವೆಯ ಕಡೆಗೆ ಹೊರಟಿತು. ತಿರುವಿನಲ್ಲಿ ಅದು ನಿಧಾನಿಸಿದ್ದನ್ನು ನೋಡಿದೆ.

ಕಟ್ಟೆಯ ಮೇಲೆ ಒಂದು ತಾಸು ಕುಳಿತೆ. ಹನ್ನೊಂದು ಹೆಸರು ನೆನಪಾದವು. ಕೆಲವರ ಊರು ನೆನಪಿತ್ತು, ಹೆಸರು ಸಿಗಲಿಲ್ಲ, ಊರನ್ನೇ ಬರೆದೆ. ಏಳುವ ಮುಂಚೆ ಹಳೆಯ ಟೈರುಗಳನ್ನು ಯಾರೂ ತಿರುಗಿ ಹಾಕದಂತೆ ಬ್ಲೇಡಿನಿಂದ ಸೀಳಿದೆ.

ನರಗುಂದದಲ್ಲಿ ಗಜೇಂದ್ರಗಡಕ್ಕೆ ನೇರ ಬಸ್ಸು ಸಿಕ್ಕಿತು. ರೋಣದಲ್ಲಿ ನಿಂತಾಗ ಇನ್ನೂ ಬಿಸಿಲಿತ್ತು. ಹಾಳೆ ತೆಗೆದು ನೋಡಿದೆ. ಮೂರನೆಯ ಹೆಸರು ರೋಣದ್ದು, ಶಾಲೆಯ ಜವಾನ ದೇವಪ್ಪ. ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ತಿರುಗುವವನು. ಚೀಲ ಎತ್ತಿಕೊಂಡೆ.

"ನಿಮ್ಮ ಟಿಕೆಟ್ ಗಜೇಂದ್ರಗಡದ್ದಲ್ರಿ?" ಎಂದ ಕಂಡಕ್ಟರ್.

"ಹೌದ್ರಿ. ಇಲ್ಲೇ ಇಳೀತೀನಿ."

ಬಸ್ಸು ನನ್ನೂರಿನ ಕಡೆಗೆ ಹೊರಳಿ ಮರೆಯಾಯಿತು. ನಾನು ಎದುರಿನ ಪಾನ್ ಅಂಗಡಿಯವನನ್ನು ದೇವಪ್ಪನ ಮನೆ ಎಲ್ಲಿ ಎಂದು ಕೇಳಿದೆ.