ಉಗುಳುವುದೇ ಉದ್ಯೋಗ

ನಮ್ಮ ಬಂಧುಬಳಗದಲ್ಲಿ ಒಂದು ಹನಿಯನ್ನೂ ಗಂಟಲಿಗೆ ಇಳಿಸದ ಗಂಡಸು ಒಬ್ಬರೇ ಇದ್ದರು. ಕುಡುಕ ಎಂದು ಎಲ್ಲರೂ ಬೆರಳು ಮಾಡಿ ತೋರಿಸುತ್ತಿದ್ದುದೂ ಅವರನ್ನೇ. ಅವರು ನನ್ನ ಸೋದರತ್ತೆಯ ಗಂಡ, ನನಗೆ ಮಾವ.

ಪೂರ್ತಿ ಜನರದ್ದೇ ತಪ್ಪು ಅನ್ನುವಂತಿಲ್ಲ ಬಿಡಿ. ಸಂಜೆ ಬಸ್ಸಿಳಿದು ಬರುವ ಮಾವನ ಹಲ್ಲು ನೇರಳೆ ಬಣ್ಣಕ್ಕಿರುತ್ತಿತ್ತು, ಅಂಗಿಯ ತೋಳು ವೈನಿನ ವಾಸನೆ ಹೊಡೆಯುತ್ತಿತ್ತು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಏನೆನ್ನುತ್ತಾರೆ ಎಂಬುದು ಗೊತ್ತಿರುವ ಮಾತೇ. ಮಾವ ಪಾಪ ಮಜ್ಜಿಗೆಯಷ್ಟೂ ಕುಡಿದವರಲ್ಲ, ಬರೀ ಬಾಯಿ ಮುಕ್ಕಳಿಸಿದವರು. ಇತ್ತ ನಮ್ಮಪ್ಪ ಪ್ರತಿ ಭಾನುವಾರ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಬಾಟಲಿ ಮುಗಿಸಿ, ಲವಂಗ ಜಗಿಯುತ್ತ ಹೊರಗೆ ಬಂದು, "ಭಾವ, ವಯಸ್ಸಾಯ್ತು, ಇನ್ನಾದ್ರೂ ಬಿಡಿ," ಎಂದು ಅವರಿಗೆ ಬುದ್ಧಿ ಹೇಳುತ್ತಿದ್ದ. ಮಾವ ನಕ್ಕುಬಿಡುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಮಾವನಿದ್ದದ್ದು ದೊಡ್ಡ ವೈನ್ ಉಗ್ರಾಣವೊಂದರಲ್ಲಿ, ರುಚಿ ನೋಡುವ ಕೆಲಸಕ್ಕೆ. ಬಿಳಿ ಟೈಲ್ಸ್ ಹಾಕಿದ ತಣ್ಣನೆಯ ಕೋಣೆ, ಉದ್ದದ ಬಿಳಿ ಮೇಜು, ಸಾಲಾಗಿ ಗಾಜಿನ ಲೋಟಗಳು, ಪಕ್ಕದಲ್ಲಿ ಮೊಣಕಾಲೆತ್ತರದ ಸ್ಟೀಲ್ ಬಕೆಟ್. ಪೀಪಾಯಿಯಿಂದ ತಂದ ವೈನನ್ನು ಮೂಸಿ, ಒಂದು ಗುಟುಕು ಬಾಯಿಗೆ ಹಾಕಿ, ಗಾಳಿ ಎಳೆದು ಗಳಗಳ ಎನಿಸಿ, ಬಕೆಟ್ಟಿಗೆ ಉಗಿಯಬೇಕು. ಆಮೇಲೆ ಈಗಲೇ ಮಾರಬಹುದೋ ಇನ್ನೂ ಕಾಯಬೇಕೋ ಹೇಳಬೇಕು. ಆ ಕಸುಬಿನವರೆಲ್ಲ ಉಗಿಯುವವರೇ, ಇಲ್ಲದಿದ್ದರೆ ಊಟದ ಹೊತ್ತಿಗೆ ನಾಲಿಗೆ ತೊದಲುತ್ತದೆ. ಆದರೂ ಒಳ್ಳೆಯದು ಸಿಕ್ಕಿದಾಗ ಉಳಿದವರು ಕಳ್ಳಗುಟುಕು ಇಳಿಸುತ್ತಿದ್ದರು. ಮಾವ ಮಾತ್ರ ಎರಡು ಮಾರು ದೂರದಿಂದ, ಬಕೆಟ್ಟಿನ ಅಂಚಿಗೂ ತಾಗದಂತೆ ನೂಲಿನ ಹಾಗೆ ತೆಳ್ಳಗೆ ಉಗಿದುಬಿಡುತ್ತಿದ್ದರು. ಅಲ್ಲಿ ಅವರನ್ನು ಪಿಚಕಾರಿ ಎಂದೇ ಕರೆಯುತ್ತಿದ್ದರು.

ಇದಕ್ಕೆಲ್ಲ ಕಾರಣ ಅತ್ತೆ. ಅತ್ತೆಯ ಅಪ್ಪ, ಅಂದರೆ ನನ್ನ ಅಜ್ಜ, ಕುಡಿದೇ ಮನೆ ತೊಳೆದವರು. ಚರಂಡಿಯ ಬದಿಯಲ್ಲಿ ಬಿದ್ದಿರುತ್ತಿದ್ದ ಅವರನ್ನು ಎಬ್ಬಿಸಿ ಕರೆತರುವುದು ಶಾಲೆಗೆ ಹೋಗುತ್ತಿದ್ದ ಅತ್ತೆಯ ಪಾಲಿಗೆ ಬಂದಿತ್ತು. ಮದುವೆ ಮಾತು ಬಂದಾಗ ಅತ್ತೆ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರಂತೆ, "ನಿಮ್ಮ ಕೆಲಸ ನಿಮ್ದು. ಬಾಯಿಗೆ ಹಾಕ್ಕೊಳ್ಳಿ, ಉಗೀರಿ. ಒಂದು ಗುಟುಕು ಒಳಗಿಳಿದ ದಿನ ನಾನು ಆ ಮನೇಲಿ ಇರಲ್ಲ." ಮಾವ ಆಣೆ ಮಾಡಿದರು. ಅಷ್ಟಕ್ಕೇ ನಂಬುವ ಹೆಂಗಸಲ್ಲ ಅತ್ತೆ. ಹೊಸದರಲ್ಲಿ ದಿನಾ ಸಂಜೆ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ, ಸೂಜಿಗೆ ದಾರ ಪೋಣಿಸಲು ಹೇಳುತ್ತಿದ್ದರು. ಪೋಣಿಸಿದರೆ ಒಳಗೆ, ಇಲ್ಲವಾದರೆ ಹೊರಗೆ. ಮಾವ ಅದರಲ್ಲಿ ಎಷ್ಟು ಪಳಗಿದರೆಂದರೆ, ಕೊನೆಗೆ ಮನೆಯವರ ಅಂಗಿ ಗುಂಡಿ ಹೊಲಿಯುವ ಕೆಲಸವೆಲ್ಲ ಅವರ ತಲೆಗೇ ಬಂತು. ಆಣೆ ಮಾಡುವ ಗಂಡಸರು ಬೇಕಾದಷ್ಟು ಸಿಗುತ್ತಾರೆ. ಉಳಿಸಿಕೊಂಡ ಪ್ರಾಣಿಯನ್ನು ನಾನು ನೋಡಿದ್ದು ಇದೊಂದನ್ನೇ.

ಆದರೆ ಬಾಯಿ ಸುಮ್ಮನಿರಬೇಕಲ್ಲ. ನುಂಗಲಾಗದ್ದನ್ನೆಲ್ಲ ಮಾವ ಮನೆಗೆ ಬಂದು ಮಾತಾಡಿ ತೀರಿಸಿಕೊಳ್ಳುತ್ತಿದ್ದರು. ಅತ್ತೆ ತರಕಾರಿ ಹೆಚ್ಚಲು ಕೂತರೆ ಸಾಕು, ಅಡುಗೆಮನೆಯ ಬಾಗಿಲಿಗೆ ಒರಗಿ ಶುರು. ಅದರಲ್ಲೂ ಒಂದು ಸಿರಾ ವೈನಿನ ಕಥೆ ನಮಗೆಲ್ಲ ಬಾಯಿಪಾಠ. ಸಿರಾ ಎಂಬುದು ಒಂದು ಜಾತಿಯ ಕಪ್ಪು ದ್ರಾಕ್ಷಿ. ಮಾವ ಕೆಲಸಕ್ಕೆ ಸೇರಿದ ವರ್ಷ ಬಂದ ಅದರ ವೈನು ಒಗರೋ ಒಗರು, ಸಿಕ್ಕಿದ ಬೆಲೆಗೆ ಸಾಗಹಾಕೋಣ ಎಂದರಂತೆ ಎಲ್ಲರೂ. ಮಾವ ಹಟ ಹಿಡಿದು ಒಂದಷ್ಟು ಬಾಟಲಿ ಎತ್ತಿಡಿಸಿದರು. ವರ್ಷಕ್ಕೊಮ್ಮೆ ಒಂದನ್ನು ತೆಗೆದು ರುಚಿ ನೋಡುವುದು, ಉಗಿಯುವುದು, ಮನೆಗೆ ಬಂದು ವರದಿ ಒಪ್ಪಿಸುವುದು.

"ಹಣ್ಣಿನ ಸಿಹಿ ಪೂರ್ತಿ ಹೋಯ್ತು ಕಣೇ. ಈಗ ಕರಿಮೆಣಸು ಬಂದಿದೆ. ಉಪ್ಪಲ್ಲಿ ಹಾಕಿಟ್ಟ ಆಲಿವ್ ಕಾಯಿ, ಹೊಗೇಲಿ ಒಣಗಿಸಿದ ಮಾಂಸ, ಹಳೇ ಚರ್ಮದ ಚೀಲ, ಎಲ್ಲ ಇದೆ ಅದರಲ್ಲಿ."

"ನೀವು ಮೂಸಿದ್ದು ವೈನೋ ಚಪ್ಪಲಿ ಅಂಗಡೀನೋ? ಆ ಈರುಳ್ಳಿ ಇತ್ಲಾಗೆ ಕೊಡಿ," ಎನ್ನುತ್ತಿದ್ದರು ಅತ್ತೆ.

ಅಲ್ಲಿಗೆ ಮುಗಿಯಿತು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಮಧ್ಯದಲ್ಲಿ ಎದ್ದು ಹೋಗುತ್ತಿರಲಿಲ್ಲ.

ಮಾವ ನಿವೃತ್ತರಾಗುವ ದಿನ ಹತ್ತಿರ ಬಂತು. ಆ ಸಿರಾದ ಕೊನೆಯ ಬಾಟಲಿಯನ್ನು ಅವತ್ತು ತೆಗೆಯುವುದಾಗಿ, ಮನೆಯವರೂ ಬರಬೇಕೆಂದು ಉಗ್ರಾಣದ ಒಡತಿ ಹೇಳಿ ಕಳಿಸಿದರು. ಅಲ್ಲಿಂದ ಮುಂದೆ ಮಾವ ಅಡುಗೆಮನೆಯ ಬಾಗಿಲಿಗೆ ಒರಗುವುದನ್ನೇ ಬಿಟ್ಟರು. ಮನಸ್ಸಿನಲ್ಲಿ ಏನಿದೆಯೆಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ತಾವೇ ಕಾದು ಕೂತು ದೊಡ್ಡದು ಮಾಡಿದ ವೈನು, ಜೀವಮಾನದಲ್ಲಿ ಒಂದೇ ಒಂದು ಗುಟುಕು ನುಂಗಬೇಕು. "ಅತ್ತೇನ ಕೇಳಿಬಿಡಿ ಮಾವ," ಎಂದೆ.

"ಬೇಡ ಅಂದ್ರೆ ನನಗೆ ಬೇಜಾರಾಗುತ್ತೆ. ಹೂಂ ಅಂದ್ರೆ ಅವಳಿಗೆ ಅವರಪ್ಪ ನೆನಪಾಗ್ತಾರೆ. ಯಾಕೆ ಸುಮ್ನೆ," ಎಂದರು. ಇಂಥ ಒಳ್ಳೆಯತನ ಕಂಡರೆ ನನಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬರುತ್ತದೆ.

ಅವತ್ತು ಮಧ್ಯಾಹ್ನ ಅದೇ ಬಿಳಿ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಒಡತಿ ಭಾಷಣ ಮಾಡಿ, ಹೂದಾನಿಯೊಂದನ್ನು ಕಾಣಿಕೆ ಕೊಟ್ಟರು. ಬಾಟಲಿ ತೆಗೆದು ಎಲ್ಲರಿಗೂ ತೊಟ್ಟು ತೊಟ್ಟು, ಮಾವನಿಗೆ ಕಾಲು ಲೋಟ ಸುರಿದರು. ಬಾಟಲಿ ಬರಿದಾಯಿತು. ಮಾವ ಲೋಟ ಎತ್ತುವ ಹೊತ್ತಿಗೆ ಅತ್ತೆ ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು.

"ಇವತ್ತು ನುಂಗಿ. ನಾನೇ ಹೇಳ್ತಿದೀನಿ. ನಾನೆಲ್ಲೂ ಹೋಗಲ್ಲ."

ಆ ಮಾತು ಆಡುವುದು ಅವರಿಗೆಷ್ಟು ಕಷ್ಟವಾಯಿತೋ ಅವರಿಗೇ ಗೊತ್ತು. ಮಾವನ ಕಣ್ಣು ತುಂಬಿತು. ಮೂಸಿದರು, ಒಂದು ಗುಟುಕು ತೆಗೆದುಕೊಂಡರು, ಕಣ್ಣು ಮುಚ್ಚಿ ಗಳಗಳ ಎನಿಸಿದರು. ನಾವೆಲ್ಲ ಅವರ ಗಂಟಲನ್ನೇ ನೋಡುತ್ತ ನಿಂತೆವು. ಗಂಟಲು ಅಲುಗಲಿಲ್ಲ. ಪಿಚಕ್ ಎಂದು ತೆಳ್ಳನೆಯ ಕೆಂಪು ಗೆರೆಯೊಂದು ಹೋಗಿ ಬಕೆಟ್ಟಿನ ನಟ್ಟನಡುವೆ ಬಿತ್ತು.

ಜೊತೆಯ ಕೆಲಸದವರು ಚಪ್ಪಾಳೆ ತಟ್ಟಿದರು, ಕೊನೆಯ ಪ್ರದರ್ಶನ ಎಂದುಕೊಂಡರೋ ಏನೋ. ಮಾವ ಬಕೆಟ್ಟನ್ನೇ ನೋಡುತ್ತಿದ್ದರು. "ನಾನಲ್ಲ ಕಣೇ, ಬಾಯಿ," ಎಂದರು.

"ಇನ್ನೊಂದ್ಸಲ," ಎಂದು ಅತ್ತೆ ಬಕೆಟ್ಟನ್ನು ಕಾಲಲ್ಲಿ ಮೇಜಿನಡಿಗೆ ತಳ್ಳಿದರು. ಮಾವ ಇನ್ನೊಂದು ಗುಟುಕು ತೆಗೆದುಕೊಂಡು ತುಟಿ ಬಿಗಿಹಿಡಿದರು. ಕತ್ತಿನ ನರ ಉಬ್ಬಿತು. ಈ ಸಲ ಅದು ಕಾಣಿಕೆಯ ಹೂದಾನಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೆ ಬಂದದ್ದು ಗಂಟಲಿಗೆ ಹೋಗಲೊಲ್ಲದು.

ಅತ್ತೆಗೆ ಸಹನೆ ಮುಗಿಯಿತು. ಮಕ್ಕಳಿಗೆ ಔಷಧಿ ಕುಡಿಸಿ ಪಳಗಿದ ಕೈ ಅದು. ಎಡಗೈಯಲ್ಲಿ ಮಾವನ ಮೂಗನ್ನು ಗಟ್ಟಿಯಾಗಿ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ಬಲಗೈಯಿಂದ ಲೋಟ ಬಗ್ಗಿಸಿದರು. ಗಂಟಲು ಗುಳುಕ್ ಎಂದಿತು. "ಹೇಗಿದೆ?" ಎಂದು ಒಡತಿ ಕೇಳಿದರು.

ಮಾವ ಕೆಮ್ಮಿ ಕಣ್ಣೊರೆಸಿಕೊಂಡರು. "ಗೊತ್ತಾಗ್ಲಿಲ್ಲ. ಮೂಗು ಹಿಡಿದಿದ್ದಳಲ್ಲ. ಮೂಗಿಲ್ದೆ ರುಚಿ ಎಲ್ಲಿಂದ ಬರುತ್ತೆ? ನೀರು ಕುಡಿದ ಹಾಗಾಯ್ತು."

ಯಾರೂ ನಗಲಿಲ್ಲ. ಲೋಟದ ತಳದಲ್ಲಿ ಇನ್ನೊಂದು ಗುಟುಕಿನಷ್ಟು ಉಳಿದಿತ್ತು. ಅತ್ತೆ ಅದನ್ನು ಮುಂದೆ ಹಿಡಿದರೆ ಮಾವ ಹಿಂದೆ ಸರಿದರು. "ಬೇಡ, ನಾನು ಮತ್ತೆ ಉಗಿದುಬಿಡ್ತೀನಿ, ಹಾಳಾಗುತ್ತೆ. ನೀನೇ ನೋಡು."

ಅತ್ತೆ ಲೋಟವನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ವಿಷ ಕುಡಿಯುವವರ ಹಾಗೆ ಬಾಯಿಗೆ ಸುರಿದುಕೊಂಡು ನುಂಗಿದರು. ಮುಖ ಕಿವುಚುತ್ತಾರೆ ಎಂದು ಕಾದೆ. ಕಿವುಚಲಿಲ್ಲ. ಕುರ್ಚಿ ಎಳೆದು ಕೂತು, ತುಟಿ ಸವರಿಕೊಂಡರು.

"ಇಷ್ಟು ಚೆನ್ನಾಗಿರುತ್ತೆ ಅಂತ ನೀವು ಒಂದಿನಾನೂ ಹೇಳಲಿಲ್ಲವಲ್ಲ," ಎಂದರು. ದನಿಯಲ್ಲಿ ಅಳುವಿತ್ತು.

"ದಿನಾ ಅದನ್ನೇ ಹೇಳ್ತಿದ್ದೆನಲ್ಲೇ," ಎಂದರು ಮಾವ.

ಅತ್ತೆ ತಲೆ ತಗ್ಗಿಸಿದರು. ಆಮೇಲೆ ಪಕ್ಕದ ಕುರ್ಚಿ ಎಳೆದು, ವೈನಿನ ವಾಸನೆ ಇನ್ನೂ ಅಂಟಿಕೊಂಡಿದ್ದ ಖಾಲಿ ಲೋಟವನ್ನು ಮಾವನ ಕೈಗಿಟ್ಟರು. "ಕೂತ್ಕೊಳ್ಳಿ. ಈಗ ಹೇಳಿ, ಕೇಳ್ತೀನಿ."

ಮಾವ ಕೂತು ಲೋಟದೊಳಗೆ ಮೂಗಿಟ್ಟರು. ಅಷ್ಟು ವರ್ಷ ಬಾಯಿ ನೋಯುವಷ್ಟು ಹೇಳಿದ ಮನುಷ್ಯನಿಗೆ ಒಂದು ಮಾತೂ ಹೊರಡಲಿಲ್ಲ, ಅಳುತ್ತಿದ್ದರು. ಅತ್ತೆ ಕಾಯುತ್ತ ಕೂತರು.